ಕಪ್ಪೆಚಿಪ್ಪು ಎಂಬ ಒಂದೇ ಶಬ್ದ

ಊರಿನ ಪತ್ರಿಕೆಗಳ ಭಾನುವಾರದ ಪುರವಣಿಗಳು ಮೊದಲೆಲ್ಲ ನಮಗೆ ನೆರೂಳಿಗೆ ಬರುತ್ತಿದ್ದದ್ದು ಉಪ್ಪಿನಕಾಯಿ ಬಾಟಲಿಗೆ ಸುತ್ತಿಕೊಂಡು. ಈಗ ಮೊಬೈಲಿನಲ್ಲಿ ಬರುತ್ತವೆ. ಆಗಲೂ ಈಗಲೂ ನಾನು ಮೊದಲು ಹುಡುಕುವುದು ಕರಾವಳಿಯ ಪ್ರವಾಸ ಲೇಖನವನ್ನು. ಕುಮಟೆಯ ಕಡೆಯವಳಾಗಿ, ಮದುವೆಯಾದಲ್ಲಿಂದ ಈ ನವೀ ಮುಂಬೈಯಲ್ಲೇ ಇರುವವಳಿಗೆ ಅದೊಂದು ಚಟ ಅನ್ನಿ. ಗೋಕರ್ಣದ ಓಂ ಬೀಚು, ಅದರ ಆಚೆಯ ಹಾಫ್ ಮೂನು, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ಇವು ಸರದಿಯ ಮೇಲೆ ಬರುತ್ತಿರುತ್ತವೆ. ಬರೆಯುವವರು ಬೇರೆ ಬೇರೆ, ಬರವಣಿಗೆ ಮಾತ್ರ ಒಂದೇ. ಮೊದಲ ಸಾಲಿನಲ್ಲಿ ಕಡಲು ಕೈಬೀಸಿ ಕರೆಯುತ್ತದೆ. ನಡುವೆ ಬಣ್ಣ ಬಣ್ಣದ ಮೀನುಗಳು ಸುಳಿದಾಡುತ್ತವೆ. ಕೊನೆಗೆ ತಲುಪುವ ದಾರಿ, ಉಳಿಯುವ ಜಾಗ. ಯಾವ ಬಣ್ಣ, ಯಾವ ಮೀನು ಎಂದು ಮಾತ್ರ ಕೇಳಬಾರದು.

ನೇತ್ರಾಣಿಯನ್ನೇ ತೆಗೆದುಕೊಳ್ಳಿ. ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ಒಳಗೆ, ಎದ್ದು ನಿಂತ ಬಂಡೆಯ ದ್ವೀಪ. ಮೇಲಿಂದ ನೋಡಿದರೆ ಹೃದಯದ ಆಕಾರ ಎಂಬುದನ್ನು ಹೇಳದೆ ಬಿಟ್ಟ ಒಂದು ಲೇಖನವನ್ನೂ ನಾನು ಕಂಡಿಲ್ಲ. ಆದರೆ ಅದರ ಬಂಡೆಯಂಚುಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ಒಂದು ಕಾಲಕ್ಕೆ ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿತ್ತು, ಮಳೆಗಾಲದ ತಿಂಗಳುಗಳಲ್ಲಿ ಪ್ರವಾಸಿಗಳ ದೋಣಿ ಅಲ್ಲಿಗೆ ಹೋಗುವುದಿಲ್ಲ ಏಕೆಂದರೆ ಕಡಲು ಬಿಡುವುದಿಲ್ಲ - ಇಂಥವಕ್ಕೆ ಜಾಗ ಸಿಕ್ಕುವುದು ಕಡಿಮೆ. ನೀರಿಗಿಳಿದವರ ಪುಳಕಕ್ಕೆ ಒಂದೂವರೆ ಕಾಲಂ ಹೋಗಿಬಿಟ್ಟಿರುತ್ತದೆ. ನೀರಿನ ಕೆಳಗೆ ಇದ್ದವರಿಗೆ ಒಂದು ವಾಕ್ಯ.

ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಆರು. ಅವರಲ್ಲಿ ನಾಲ್ಕು ಮನೆಯವರು ರಜೆಗೆ ಊರಿಗೆ ಹೋದಾಗ ನೇತ್ರಾಣಿಗೋ ಮಾಲವಣಕ್ಕೋ ಹೋಗಿ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡ ಫೋಟೋ ತಂದಿದ್ದಾರೆ. ತಪ್ಪೇನಿಲ್ಲ, ನಾನೂ ಹೋಗಿಬಂದವಳೇ. ಗಿಳಿಮೀನು ಹವಳದ ಬಂಡೆಯನ್ನು ಕಟಕಟ ಕೆರೆಯುವ ಸದ್ದು ನೀರೊಳಗೆ ಕೇಳಿಸಿತು, ಅದು ಇವತ್ತಿಗೂ ಕಿವಿಯಲ್ಲಿದೆ. ನನ್ನ ತಕರಾರು ಬೇರೆ. ಕಡಲತಡಿಯಲ್ಲಿ ಹುಟ್ಟಿದ ನಾವು ಕಡಲಿನ ಜೀವಗಳನ್ನು ನೋಡಲು ಟಿಕೀಟು ತೆಗೆದು ಹತ್ತೊಂಬತ್ತು ಕಿಲೋಮೀಟರು ಹೋಗಬೇಕು ಎಂದು ನಂಬಿದ್ದು ಎಲ್ಲಿಂದ? ಪುರವಣಿಯವರನ್ನು ಬೈದು ಮುಗಿಸಬಹುದಿತ್ತು. ಆದರೆ ಅವರು ಬರೆಯುವ ಭಾಷೆಯನ್ನು ಅವರು ತಂದಿದ್ದು ನಮ್ಮ ಸಾಹಿತ್ಯದಿಂದಲೇ.

ಕನ್ನಡದಲ್ಲಿ ಕಡಲು ದೊಡ್ಡದು. ಅಡಿಗರ ಮೋಹನ ಮುರಳಿಯ ಪದ್ಯದಲ್ಲಿ ಅದು ಕರೆಯುವ ಆಚೆದಡ. ನವೋದಯದವರಿಗೆ ಅದು ಅನಂತ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲಿಗೆ ಮೈಯೇ ಇದೆ. ಕೋಡಿಯ ಮನೆಯ ಹಿತ್ತಿಲಿಗೆ ಅದು ಹಗಲೂ ರಾತ್ರಿ ಮೊರೆಯುತ್ತದೆ, ಉಪ್ಪುಗಾಳಿ ತರುತ್ತದೆ, ಆ ಮೂರು ತಲೆಮಾರಿನ ಹೆಂಗಸರ ದುಡಿಮೆಗೆ ಹಿಮ್ಮೇಳವಾಗುತ್ತದೆ. ಅಷ್ಟು ಹತ್ತಿರದಿಂದ ಕಡಲನ್ನು ಬರೆದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಆದರೂ ಆ ಮನೆಯವರು ಗೇಯುವುದು ಗದ್ದೆಯನ್ನು, ಹೆಸರೇ ಹೇಳುವಂತೆ ಮರಳುವುದು ಮಣ್ಣಿಗೆ.

ಮುಂಬೈ ಕನ್ನಡಕ್ಕೆ ಬಂದರೆ ಸಂಗತಿ ಇನ್ನೂ ಕುತೂಹಲದ್ದು. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ದೀರ್ಘಕಾಲ ಇದ್ದದ್ದು ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಕಡಲಿಗೆ ಮುಖಮಾಡಿದ ಮನೆಯಲ್ಲಿ. ಆ ರಸ್ತೆಯ ಕೆಳಗೇ ಇಳಿತದ ಹೊತ್ತಿಗೆ ಕರಿಕಲ್ಲಿನ ದೊಡ್ಡ ಹಾಸು ತೆರೆದುಕೊಳ್ಳುತ್ತದೆ. ಡೆಕ್ಕನ್ನಿನ ಜ್ವಾಲಾಮುಖಿಗಳು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿಸಿದ ಲಾವಾ ತಣಿದು ಆದ ಕಲ್ಲು. 1979ರ 'ಶಿಕಾರಿ'ಯನ್ನು ನಾನು ಮೂರು ಸಲ ಓದಿದ್ದೇನೆ. ಅದರ ನಾಗಪ್ಪನ ಭಯ ಕಚೇರಿಯ ಒಳಸುಳಿಗಳದ್ದು, ಊರಿನಿಂದ ಬೆನ್ನಟ್ಟಿ ಬಂದ ನೆನಪುಗಳದ್ದು. ಆ ಭಯವನ್ನು ಅಷ್ಟು ಆಳಕ್ಕೆ ಇಳಿದು ನೋಡಿದ ಲೇಖಕರು ಕಿಟಕಿಯ ಕೆಳಗಿನ ಕಲ್ಲಿಗೆ ಇಳಿಯಲಿಲ್ಲ ಎಂದು ದೂರಿದರೆ ನೀವು ನಗುತ್ತೀರಿ. ದೂರುತ್ತಿಲ್ಲ. ಕಾದಂಬರಿಕಾರ ತನಗೆ ಬೇಕಾದ್ದನ್ನು ನೋಡುತ್ತಾನೆ. ಆದರೆ ಒಬ್ಬರಲ್ಲದಿದ್ದರೆ ಇನ್ನೊಬ್ಬರಾದರೂ ಇಳಿಯಬೇಕಿತ್ತಲ್ಲ?

ಇಳಿಯಬಹುದಾಗಿದ್ದವರು ಜಯಂತ ಕಾಯ್ಕಿಣಿ. ಗೋಕರ್ಣದಲ್ಲಿ ಹುಟ್ಟಿ ಎರಡು ದಶಕಕ್ಕೂ ಹೆಚ್ಚು ಕಾಲ ಮುಂಬೈಯಲ್ಲಿ ಇದ್ದವರು. 'ಅಮೃತಬಳ್ಳಿ ಕಷಾಯ', 'ತೂಫಾನ್ ಮೇಲ್' ಓದಿದವರಿಗೆ ಗೊತ್ತು, ಚಾಳಿನ ಹತ್ತಡಿ ಕೋಣೆಯಲ್ಲಿ, ರೈಲು ನಿಲ್ದಾಣದ ಮೂಲೆಯಲ್ಲಿ, ಯಾರೂ ಎರಡನೆಯ ಸಲ ನೋಡದ ಜೀವಗಳನ್ನು ಅವರು ಕೂತು ನೋಡುತ್ತಾರೆ. ಆ ಜೀವಗಳು ಒಂದಕ್ಕೊಂದು ಆತುಕೊಂಡು, ಒಂದರ ಬಿಟ್ಟ ಜಾಗದಲ್ಲಿ ಇನ್ನೊಂದು ಹೊಕ್ಕು ಬದುಕುವ ಬಗೆಯನ್ನು ಕರುಣೆಯಿಂದಲೂ ತಮಾಷೆಯಿಂದಲೂ ಹೇಳುತ್ತಾರೆ. ಸತ್ತ ಶಂಖದ ಚಿಪ್ಪಿನೊಳಗೆ ಹೊಟ್ಟೆ ತೂರಿಸಿಕೊಂಡು ಸಂಸಾರ ನಡೆಸುವ ಸನ್ಯಾಸಿ ಏಡಿಯನ್ನು ನಾನು ಮೊದಲ ಬಾರಿ ಹತ್ತಿರದಿಂದ ಕಂಡಾಗ ನೆನಪಾದದ್ದು ಯಾವ ವಿಜ್ಞಾನದ ಪುಸ್ತಕವೂ ಅಲ್ಲ, ಕಾಯ್ಕಿಣಿಯವರ ಪಾತ್ರಗಳು. ಪಾಗಡಿ ಹಣ ಕೊಡದೆ ಮುಂಬೈಯಲ್ಲಿ ಖೋಲಿ ಹಿಡಿದವನು ಅವನೊಬ್ಬನೇ ಇರಬೇಕು. ಅಂದರೆ ಬೇಕಾದ ಕಣ್ಣು ಕನ್ನಡದಲ್ಲಿ ಇದೆ. ಅದು ಈ ಕಡೆ ತಿರುಗಿಲ್ಲ, ಅಷ್ಟೆ.

ಕಡಲ ಜೀವಗಳನ್ನು ಹುಚ್ಚು ಹಿಡಿದವರ ಹಾಗೆ ಬಗ್ಗಿ ನೋಡಿದ ದೊಡ್ಡ ಕನ್ನಡ ಲೇಖಕರೆಂದರೆ ನನಗೆ ತೇಜಸ್ವಿ. ಅಂಡಮಾನಿನ ಅವರ ಪ್ರವಾಸ ಕಥನದಲ್ಲಿ ಮೀನು ಎಂಬುದು ಮೀನಾಗಿಯೇ ಇದೆ, ಯಾವುದರ ಸಂಕೇತವೂ ಆಗಿಲ್ಲ. ಮೂಡಿಗೆರೆಯ ಕಾಫಿ ತೋಟದವರು! ಕರಾವಳಿಯವರು ನಾವು ನಿಂತುಕೊಂಡೇ ನೋಡಿದೆವು, ಘಟ್ಟದ ಮೇಲಿನವರು ಬಂದು ಕುಕ್ಕರಗಾಲಲ್ಲಿ ಕೂತರು.

ಬೇರೆ ಕಡೆ ಹೀಗೆ ಕೂತು ಬರೆದವರ ಒಂದು ಪರಂಪರೆಯೇ ಇದೆ. ಅಮೆರಿಕದ ಎಡ್ ರಿಕೆಟ್ಸ್ 1939ರಲ್ಲಿ ಗೆಳೆಯನೊಡನೆ ಬರೆದ 'ಬಿಟ್ವೀನ್ ಪೆಸಿಫಿಕ್ ಟೈಡ್ಸ್' ಜೀವಿಗಳನ್ನು ಶಾಸ್ತ್ರದ ಕುಲಗೋತ್ರದ ಪ್ರಕಾರ ವಿಂಗಡಿಸದೆ, ಯಾರು ಎಲ್ಲಿ ವಾಸ ಎಂಬುದರ ಮೇಲೆ ವಿಂಗಡಿಸಿತು. ಅಲೆ ಬಡಿಯುವ ಕಲ್ಲಿನವರು ಒಂದು ಕಡೆ, ಮರೆಯ ಕೊಲ್ಲಿಯವರು ಇನ್ನೊಂದು ಕಡೆ. ಸ್ಟೈನ್‌ಬೆಕ್‌ನ 'ಕ್ಯಾನರಿ ರೋ'ದ ಡಾಕ್ ಎಂಬ ಪಾತ್ರಕ್ಕೆ ಇದೇ ರಿಕೆಟ್ಸ್ ಮಾದರಿ. 1955ರಲ್ಲಿ ರೇಚಲ್ ಕಾರ್ಸನ್ ಕಡಲಂಚಿನ ಬಗ್ಗೆಯೇ ಒಂದು ಪೂರ್ತಿ ಪುಸ್ತಕ ಬರೆದರು, ಅದರಲ್ಲಿ ಕಲ್ಲಿನ ದಂಡೆಗೆ ಒಂದು ದೊಡ್ಡ ಭಾಗ. ಇವರನ್ನು ಓದಿದ ಮೇಲೆ ತಿಳಿಯುವುದು ಏನೆಂದರೆ ಕಲ್ಲಿನ ದಂಡೆಯೆಂಬುದು ಮಹಡಿಗಳಿರುವ ಕಟ್ಟಡ. ಮೇಲ್ಮಹಡಿಯಲ್ಲಿ ದಿನದ ಬಹುಪಾಲು ಒಣಗಿಯೇ ಬದುಕಬಲ್ಲ ಸಣ್ಣ ಶಂಖದ ಹುಳುಗಳು. ಅದರ ಕೆಳಗೆ ಕಲ್ಲಿಗೆ ಸಿಮೆಂಟು ಹಾಕಿದಂತೆ ಅಂಟಿದ ಬಾರ್ನಕಲ್‌ಗಳೂ ಸಿಂಪಿಗಳೂ. ಇನ್ನೂ ಕೆಳಗೆ, ನೀರು ಬಿಟ್ಟುಹೋದರೂ ತೇವ ಆರದಲ್ಲಿ ಕಡಲಹೂಗಳು, ಸ್ಪಂಜುಗಳು, ಪಾಚಿ ತಿನ್ನುವ ಚಿಪ್ಪಿಲ್ಲದ ಹುಳುಗಳು. ತೀರ ತಳದ ಮಹಡಿಯನ್ನು ನೋಡಬೇಕೆಂದರೆ ಹುಣ್ಣಿಮೆಯದೋ ಅಮಾವಾಸ್ಯೆಯದೋ ದೊಡ್ಡ ಇಳಿತಕ್ಕೇ ಕಾಯಬೇಕು.

ಇಲ್ಲಿ ಊರಿನ ಓದುಗರಿಗೆ ಒಂದು ಮಾತು. ಈ ಕಟ್ಟಡವನ್ನು ನೋಡಲು ನಿಮಗಿಂತ ನಮಗೆ ಅನುಕೂಲ ಹೆಚ್ಚು. ನಮ್ಮ ಕಾರವಾರದ ಕಡೆ ದೊಡ್ಡ ಹುಣ್ಣಿಮೆಗೂ ಭರತಕ್ಕೂ ಇಳಿತಕ್ಕೂ ನಡುವೆ ಎರಡು ಮೀಟರಿನ ಆಸುಪಾಸು ವ್ಯತ್ಯಾಸ. ಖಂಭಾತದ ಕೊಲ್ಲಿಯ ಕಡೆಗೆ ಹೋದಂತೆ ಅದು ಬೆಳೆಯುತ್ತ ಹೋಗುತ್ತದೆ, ಮುಂಬೈಯಲ್ಲಿ ಐದು ಮೀಟರಿನ ಹತ್ತಿರ ಬರುತ್ತದೆ. ಹಾಗಾಗಿ ಊರಿನಲ್ಲಿ ನಾಲ್ಕು ಹೆಜ್ಜೆಯಷ್ಟು ತೆರೆಯುವ ಕಲ್ಲು ಇಲ್ಲಿ ಆಟದ ಮೈದಾನದಷ್ಟು ತೆರೆಯುತ್ತದೆ. ಊರು ಬಿಟ್ಟು ಬಂದವರು ಕಳಕೊಂಡದ್ದರ ಪಟ್ಟಿಯನ್ನು ಈ ಪುಸ್ತಕದ ಬಹಳ ಪ್ರಬಂಧಗಳು ಕೊಟ್ಟಿರುತ್ತವೆ. ಬಂದದ್ದಕ್ಕೆ ಸಿಕ್ಕಿದ್ದೂ ಒಂದಿರಲಿ ಎಂದು ಇದನ್ನು ಹೇಳಿದೆ.

ನೆರೂಳಿನಲ್ಲಿ ಮಾತ್ರ ಕಲ್ಲಿಲ್ಲ, ಕೆಸರು. 1970ರಲ್ಲಿ ಸಿಡ್ಕೋ ಹುಟ್ಟಿದ ಮೇಲೆ ಎದ್ದ ಸೆಕ್ಟರುಗಳ ಅಂಚಿಗೆ ಕಾಂದಲ ಕಾಡು, ಅದರಾಚೆ ಖಾಡಿ. ಚಳಿಗಾಲದಿಂದ ಮೇ ತಿಂಗಳವರೆಗೆ ಫ್ಲೆಮಿಂಗೋ ಹಕ್ಕಿಗಳು. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನೀರು ಇಳಿದಾಗ ಹಕ್ಕಿಗಳು ಖಾಡಿಯ ಕೆಸರಿನಲ್ಲಿ ಮೇಯುತ್ತವೆ, ಭರತದಲ್ಲಿ ಆ ಕೆಸರು ಮುಳುಗಿದಾಗ ನಮ್ಮ ನೆರೂಳಿನ ಕೆರೆಗಳಿಗೆ ಬಂದು ನಿಲ್ಲುತ್ತವೆ. ಕೆರೆಗೆ ಭರತದ ನೀರು ಬರುವ ದಾರಿ ಕಟ್ಟಿಹೋದ 2024ರ ಬೇಸಿಗೆಯಲ್ಲಿ ಹಲವು ಹಕ್ಕಿಗಳು ಸತ್ತವು. ಈ ಹಕ್ಕಿಗೆ ಕನ್ನಡದಲ್ಲಿ ಬರೆಯುವವರು ಇಟ್ಟ ಹೆಸರು ರಾಜಹಂಸ. ಎಂಥಾ ಹೆಸರು ನೋಡಿ! ಹಾಲನ್ನೂ ನೀರನ್ನೂ ಬೇರೆ ಮಾಡುವ, ಮಾನಸ ಸರೋವರದ, ದಮಯಂತಿಗೆ ಸುದ್ದಿ ತಂದ ಹಕ್ಕಿ ಕಣ್ಣಮುಂದೆ ಬಂದುಬಿಡುತ್ತದೆ. ಇಲ್ಲಿರುವುದೋ, ಕತ್ತು ಬಗ್ಗಿಸಿ ಕೊಕ್ಕನ್ನು ತಲೆಕೆಳಗು ಮಾಡಿ ಚರಂಡಿ ನೀರು ಬೆರೆತ ಕೆಸರಿನಿಂದ ಪಾಚಿ ಸೋಸುವ ಹಕ್ಕಿ. ಅದರ ಗುಲಾಬಿ ಬಣ್ಣವೂ ಆ ಊಟದಿಂದಲೇ ಬಂದದ್ದು. ಹೆಸರು ಚಂದ ಆದಷ್ಟೂ ಹಕ್ಕಿ ಕಾಣಿಸುವುದು ಕಡಿಮೆ ಆಯಿತು. ಅದೇ ಕೆಸರಿನಲ್ಲಿ ತೆವಳುವ ಮೀನೊಂದಿದೆ. ಇಲ್ಲಿಯ ಆಗ್ರಿ, ಕೋಳಿ ಜನ ಅದನ್ನು ನಿವಟಿ ಎನ್ನುತ್ತಾರೆ. ಅದಕ್ಕೆ ಯಾವ ಪುರಾಣವೂ ಅಂಟಿಕೊಂಡಿಲ್ಲವಾದ್ದರಿಂದ ಹೆಸರು ಹೇಳಿದ ಕೂಡಲೇ ಮೀನೇ ಕಾಣುತ್ತದೆ.

ಕಲ್ಲು ನೋಡಲು ನಾವು ಹೋಗುವುದು ಕಾರ್ಟರ್ ರೋಡಿಗೆ. ಫೆಬ್ರವರಿಯ ಹುಣ್ಣಿಮೆಯ ಮರುದಿನ, ಬೆಳಗಿನ ಜಾವ ನೆರೂಳಿನಲ್ಲಿ ಗಾಡಿ ಹತ್ತಿ, ವಡಾಳಾದಲ್ಲಿ ಬದಲಿಸಿ, ಬಾಂದ್ರಾದಲ್ಲಿ ಇಳಿದು ರಿಕ್ಷಾ ಹಿಡಿದರೆ ಬೆಳಕು ಹರಿಯುವ ಹೊತ್ತಿಗೆ ಇಳಿತಕ್ಕೆ ಸರಿಯಾಗುತ್ತದೆ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಇಳಿತ ಬೆಳಿಗ್ಗೆ ಸಂಜೆ ಬೀಳುವುದು ಒಂದು ಪುಣ್ಯ. ಕಾಲಿಗೆ ಹಿಡಿತದ ಬೂಟು ಬೇಕು, ಚಪ್ಪಲಿ ನಡೆಯುವುದಿಲ್ಲ. ವಾಸನೆ ಇದೆ, ಪ್ಲಾಸ್ಟಿಕ್ ಇದೆ, ದೇವರ ಹಳೆಯ ಪಟಗಳೂ ಇವೆ. ಅವುಗಳ ನಡುವೆಯೇ ಹಸಿರು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಕಂಬಳಿಯ ಹಾಗೆ ಹಬ್ಬಿದ ಜೀವಗಳು. ಮುಟ್ಟಿದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಕಡಲಹೂವಿನ ಬಳಗವೇ, ಹೆಸರು ಝೋಆಂಥಿಡ್. ಒಂದು ಕಲ್ಲುಗುಂಡಿಯಲ್ಲಿ ಒಂದು ಅಂಗೈ ನೀರು. ಅದರಲ್ಲಿ ಎರಡು ಸನ್ಯಾಸಿ ಏಡಿ ಒಂದೇ ಚಿಪ್ಪಿಗೆ ಜಗಳ ಆಡುತ್ತಿದ್ದವು. ಕಾಲು ಗಂಟೆ ನೋಡಿದೆವು, ತೀರ್ಮಾನ ಆಗಲಿಲ್ಲ.

2017ರಿಂದ 'ಮರೈನ್ ಲೈಫ್ ಆಫ್ ಮುಂಬೈ' ಎಂಬ ಹೆಸರಿನಲ್ಲಿ ನಾಗರಿಕರ ಗುಂಪೊಂದು ಇಂಥ ಇಳಿತದ ನಡಿಗೆಗಳನ್ನು ನಡೆಸಿ, ಈ ಮಹಾನಗರದ ಕಲ್ಲುದಂಡೆಗಳಲ್ಲಿ ಸಿಕ್ಕಿದ ಜೀವಗಳನ್ನು ದಾಖಲೆ ಮಾಡುತ್ತ ಬಂದಿದೆ. ಅಷ್ಟಪದಿ, ಹವಳ, ಬಣ್ಣದ ಕಡಲಹುಳು ಎಲ್ಲ ಇವೆ. ಎತ್ತಿ ನೋಡಿದ ಕಲ್ಲನ್ನು ಹಾಗೇ ತಿರುಗಿ ಇಡಬೇಕು, ಚಿಪ್ಪು ಖಾಲಿ ಇದ್ದರೂ ಮನೆಗೆ ತರಬಾರದು. ಖಾಲಿ ಚಿಪ್ಪಿಗೆ ಕಾದವರು ಇದ್ದಾರೆ ಎಂಬುದನ್ನು ಮೇಲೆ ಹೇಳಿದೆನಲ್ಲ.

ಅಲ್ಲಿ ಖಾರ್‌ದಾಂಡಾದ ಕಡೆಯ ಕೋಳಿ ಹೆಂಗಸೊಬ್ಬಳು ಕೂತು ಸಣ್ಣ ಕೊಕ್ಕೆಯಂಥ ಕಬ್ಬಿಣದಿಂದ ಕಲ್ಲಿನ ಸಿಂಪಿ ಒಡೆದು ಒಳಗಿನ ಮಾಂಸವನ್ನು ಡಬ್ಬಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿ ತಲೆ ಎತ್ತದೆಯೇ "ಪಾಯ್ ಸಾಂಭಾಳ್ ಗೋ" ಅಂದಳು. ಕಾಲು ಜೋಪಾನ. ಆ 'ಗೋ' ಕೇಳಿದರೆ ನಮಗೆ ಕುಮಟೆ ಪೇಟೆಯ ಕೊಂಕಣಿಯೇ ನೆನಪಾಗುವುದು. ನನ್ನ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು, ಸಂಕೋಚ ಇಲ್ಲ, ಪಕ್ಕದಲ್ಲಿ ಕೂತು "ಮಾವಶಿ, ಹೇ ಕಾಯ್?" ಎಂದು ಒಂದೊಂದನ್ನೇ ತೋರಿಸಿ ಕೇಳಿದಳು. ಇದು ಕಾಲವಂ, ಇದು ಚಿಂಬೋರಿ, ಇವು ತಿಸರ್‍ಯಾ. ಮಗಳು ಮರಾಠಿ ಹೆಸರು ಬರೆದುಕೊಂಡಳು, ಮೊಬೈಲಿನಲ್ಲಿ ನೋಡಿ ಇಂಗ್ಲಿಷ್ ಹೆಸರೂ ಬರೆದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಅಮ್ಮ, ಕನ್ನಡದಲ್ಲಿ ಎಂತ ಹೇಳ್ತಾರೆ ಇದಕ್ಕೆ?"

"ಕಪ್ಪೆಚಿಪ್ಪು" ಅಂದೆ.

"ಮತ್ತೆ ಇದಕ್ಕೆ?"

ಅದೂ ಕಪ್ಪೆಚಿಪ್ಪೇ.

ನನ್ನ ವಿಮರ್ಶೆಯೆಲ್ಲ ಇರುವುದು ಈ ಒಂದು ಉತ್ತರದಲ್ಲಿ. ಶಾಲೆಯ ಪುಸ್ತಕದ ಕನ್ನಡ, ಕತೆ ಕಾದಂಬರಿಗಳ ಕನ್ನಡ ನನಗೆ ಕೊಟ್ಟದ್ದು ಆ ಒಂದು ಶಬ್ದವನ್ನು. ಕಡಲಿಗೆ ಮಾತ್ರ ಸಾಗರ, ಶರಧಿ, ಅಂಬುಧಿ, ವಾರಿಧಿ ಎಂದು ಇಪ್ಪತ್ತು ಹೆಸರು ಬಾಯಿಪಾಠ ಮಾಡಿಸಿದೆ. ಆದರೆ ಕರಾವಳಿಯ ಆಡುಮಾತು ಹಾಗೆ ಬಡವಾಗಿಲ್ಲ. ಮಂಗಳೂರು ಉಡುಪಿಯ ಕಡೆ ಕಲ್ಲಿಗೆ ಹಿಡಿದುಕೊಳ್ಳುವುದು ಪಚ್ಚಿಲೆ, ಮರಳಿನೊಳಗಿನದು ಮರುವಾಯಿ. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಬೆಳಚು. ಇಳಿತದ ಹೊತ್ತಿಗೆ ನೂರಾರು ಹೆಂಗಸರು, ಗಂಡಸರು ಕೆಸರಿಗಿಳಿದು ಬೆಳಚು ತೆಗೆಯುತ್ತಾರೆ. ಆ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅವರಿಗೆ ಪಂಚಾಂಗಕ್ಕಿಂತ ಖಚಿತವಾಗಿ ಭರತ ಇಳಿತ ಗೊತ್ತು, ಯಾವ ಕೆಸರಿನಲ್ಲಿ ಯಾವುದು ಎಷ್ಟು ಆಳಕ್ಕಿದೆ ಎಂಬುದು ಕಾಲ್ಬೆರಳಿಗೇ ಗೊತ್ತು. ಆದರೆ ಕರಾವಳಿಯ ಸಾಹಿತ್ಯವನ್ನು ಬಹುಮಟ್ಟಿಗೆ ಬರೆದವರು ಮೀನು ಹಿಡಿದ ಮನೆಗಳಿಂದ ಬರಲಿಲ್ಲ. ಕೊಂಡವರು ಬರೆದರು, ಕೊಳ್ಳದವರೂ ಬರೆದರು. ಹಾಗಾಗಿ ಹರಿಕಂತರ, ಖಾರ್ವಿಯರ, ಮೊಗೇರರ, ಅಂಬಿಗರ ಬಾಯಲ್ಲಿದ್ದ ಶಬ್ದಗಳು ದಂಡೆಯಲ್ಲೇ ಉಳಿದವು. ಮುಂಬೈಗೆ ಬಂದ ನಮ್ಮ ಜೊತೆ ಗಾಡಿ ಹತ್ತಿದ್ದು ಶರಧಿ, ಅಂಬುಧಿ.

ಹೆಸರು ಇಲ್ಲದ್ದರಿಂದ ಆಗುವ ನಷ್ಟ ಬರೀ ಭಾವನೆಯದು ಎಂದು ಯಾರಾದರೂ ಹೇಳಿದರೆ ಅವರಿಗೆ ಹಾಜಿ ಅಲಿ, ವರ್ಳಿಯ ಕಡಲಂಚನ್ನು ತೋರಿಸಬೇಕು. ಅಲ್ಲಿ 2018ರಲ್ಲಿ ಕೆಲಸ ಶುರುವಾಗಿ 2024ರಿಂದ ಹಂತಹಂತವಾಗಿ ತೆರೆದ ಕೋಸ್ಟಲ್ ರೋಡಿಗಾಗಿ ಕಡಲನ್ನು ತುಂಬಿದಾಗ ಹೂತುಹೋದದ್ದು ಇಂಥದೇ ಕಲ್ಲುದಂಡೆ. ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ 2020ರಲ್ಲಿ ಅವುಗಳ ಕೆಲವು ಸಣ್ಣ ಗುಂಪುಗಳನ್ನು ಎಬ್ಬಿಸಿ ಬೇರೆ ಕಡೆಗೆ ಸಾಗಿಸಿದರು. ಕಾಯ್ದೆಯಲ್ಲಿ ಹೆಸರಿದ್ದವರಿಗೆ ಸ್ಥಳಾಂತರ ಸಿಕ್ಕಿತು, ಹೆಸರಿಲ್ಲದವರ ಮೇಲೆ ಕಲ್ಲುಮಣ್ಣು ಬಿತ್ತು. ವರ್ಳಿಯ ಕೋಳಿಗಳು ತಮ್ಮ ದೋಣಿ ಹೋಗಿಬರಲು ಸೇತುವೆಯ ಕಂಬಗಳ ನಡುವೆ ಜಾಗ ಸಾಲದೆಂದು ವರ್ಷಗಟ್ಟಲೆ ಹಟ ಹಿಡಿದು 60 ಮೀಟರನ್ನು 120 ಮಾಡಿಸಿಕೊಂಡರು. ತಮ್ಮ ಕಲ್ಲು ಯಾವುದು, ಅದರಲ್ಲಿ ಏನು ಸಿಗುತ್ತದೆ ಎಂದು ಒಂದೊಂದಾಗಿ ಹೇಳಬಲ್ಲವರಾದ್ದರಿಂದ ಅಷ್ಟಾದರೂ ಆಯಿತು ಎಂದು ನನ್ನ ಭಾವನೆ. ಅದೇ ರಸ್ತೆಯ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದೆಲ್ಲ ಎಷ್ಟು ನಿಮಿಷ ಉಳಿಯಿತು ಎಂಬ ಲೆಕ್ಕ. ನಾಳೆ ನಮ್ಮ ಕರಾವಳಿಯ ಯಾವುದೋ ಬಂದರಿಗೋ ರಸ್ತೆಗೋ ಇಂಥದೇ ಕಲ್ಲು ಹೋದರೆ ನಾವು ಏನು ಹೋಯಿತೆಂದು ಬರೆಯುತ್ತೇವೆ? ಕಪ್ಪೆಚಿಪ್ಪು ಹೋಯಿತು ಎಂದೆ? ಕೈಬೀಸಿ ಕರೆಯುವ ಕಡಲು ಆಗಲೂ ಅಲ್ಲೇ ಇರುತ್ತದಲ್ಲ.

ಆಡುಮಾತನ್ನು ಹೊಗಳಿ ನಿಲ್ಲಿಸುವ ಹಾಗೂ ಇಲ್ಲ. ಮಗಳ ನೋಟುಬುಕ್ಕಿನಲ್ಲಿ ಮೂರು ಕಾಲಂ: ಮರಾಠಿ, ಇಂಗ್ಲಿಷ್, ಕನ್ನಡ. ಮೂರನೆಯದನ್ನು ತುಂಬಲು ಒಂದು ರಾತ್ರಿ ಊರಿನ ಅತ್ತೆಗೆ ಫೋನು ಹಚ್ಚಿದೆವು. ಸಣ್ಣವಳಿದ್ದಾಗ ಅಳಿವೆಗೆ ಬೆಳಚಿಗೆ ಹೋಗುತ್ತಿದ್ದವಳು ಅವಳು. ಏಡಿಯಲ್ಲೇ ಕಲ್ಲಿನದು, ಕೆಸರಿನದು, ಮರಳಿನದು ಎಂದು ಬೇರೆ ಬೇರೆ ಮಾಡಿ ಹೇಳಿದಳು. ಶೆಟ್ಲಿಯಲ್ಲಿ ನಾಲ್ಕು ಬಗೆ ಹೇಳಿದಳು. ಫೋಟೋ ಕಳಿಸಿದ್ದ ಕಡಲಹೂವಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು,

"ಅದ ತಿನ್ನೂದಲ್ಲಲ್ಲೇ, ಅದಕ್ಕೆಂತಕ್ಕೆ ಹೆಸರು?" ಅಂದಳು.

"ಆದ್ರೂ ಅತ್ತೆ, ನೋಡಿರ್ತೀರಲ್ಲ?"

"ನೋಡದೇ ಎಂತ. ಕಾಲಿಗೆ ಸಿಕ್ಕರೆ ಜಾರ್ತದೆ. ಜಾರೂದು ಅಂತ ಬರಕೊ."

ಮಗಳು ನಗುತ್ತ ಅದನ್ನೇ ಬರೆದಳು. ಇಪ್ಪತ್ತಮೂರು ಸಾಲುಗಳಲ್ಲಿ ಕನ್ನಡದ ಕಾಲಂ ಈಗ ಒಂಬತ್ತರಲ್ಲಿ ತುಂಬಿದೆ, ಜಾರೂದು ಎಂಬುದನ್ನೂ ಸೇರಿಸಿ. ಉಳಿದ ಹದಿನಾಲ್ಕಕ್ಕೆ ಅವಳಿಗೆ ನಾನೇ ಹೆಸರು ಕಟ್ಟಿಕೊಡಬೇಕಂತೆ, ಸಂಸ್ಕೃತದ್ದು ಬೇಡವಂತೆ. ಮುಂದಿನ ಅಮಾವಾಸ್ಯೆ ಭಾನುವಾರ ಬಂದಿದೆ, ಇಳಿತ ಸೂರ್ಯೋದಯದ ಸುಮಾರಿಗೆ. ಈ ಸಲ ಪಕ್ಕದ ಮನೆಯ ಉಡುಪಿಯವರೂ ಬರುತ್ತೇವೆ ಅಂದಿದ್ದಾರೆ, ಅವರ ಅಮ್ಮನಿಗೆ ಪಚ್ಚಿಲೆಯ ಸಂಗತಿ ಚೆನ್ನಾಗಿ ಗೊತ್ತಿದೆಯಂತೆ.